ಎರಡನೆಯ ತೋಟಾ

ಹಳೆಯ ಕೋವಿಗಳ ನಂಬರು, ಮುದ್ರೆ, ತಯಾರಾದ ಇಸವಿ ಎಲ್ಲ ಸಂಗ್ರಾಹಕನಾದ ಅವನಿಗೆ ಬಾಯಿಪಾಠ. ಕೊಡಗಿನ ಆ ಮನೆಯ ಒಂಟಿನಳಿಗೆ ಕೋವಿಗಾಗಿ ಮೂರು ವರ್ಷದಿಂದ ಎಡತಾಕುತ್ತಿದ್ದ. ಯಜಮಾನರು ಮಾತ್ರ ಜಪ್ಪಯ್ಯ ಅಂದರೂ ಕೊಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಅವರ ಹೆಂಡತಿಯೇ ಫೋನು ಮಾಡಿ ಪೇಟೆಯ ಲಾಡ್ಜಿನಲ್ಲಿದ್ದ ಅವನನ್ನು ಕರೆಸಿದ್ದರು. ಆಕೆಯ ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

"ಕೋವಿ ನಿಮಗೇ. ಮೊದಲು ಅಂಗಳದಲ್ಲಿ ಹಾರಿಸಿ ನೋಡಿ."

"ಯಜಮಾನರು ಎಲ್ಲಿ ಅಕ್ಕ?"

"ಒಳಗೆ ಮಲಗಿದ್ದಾರೆ."

ಎದ್ದು ಬಂದು ತಡೆದಾರೆಂಬ ಅಳುಕಿಗೆ ಅವನು ಬಾಗಿಲತ್ತ ನೋಡಿದ.

"ಶಬ್ದಕ್ಕೆ ಎಚ್ಚರವಾದರೆ?"

"ಆಗುವುದಿಲ್ಲ."

ತೋಟಾ ತುಂಬಿ ಆಕಾಶಕ್ಕೆ ಹಾರಿಸಿದ. ಸದ್ದು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು. "ಚೆನ್ನಾಗಿದೆ, ಸಾಕು" ಎಂದ.

"ಸಾಲದು. ಇನ್ನೊಂದು." ಆಕೆ ಎಡಗೈಯಲ್ಲಿ ಮತ್ತೊಂದು ತೋಟಾ ಚಾಚಿದರು. "ಬೇಗ."

ಒಲ್ಲೆನೆಂದರೆ ಕೋವಿ ಕೈತಪ್ಪೀತೆಂದು ಅವನು ಅದನ್ನೂ ಹಾರಿಸಿದ. ಆಮೇಲೆ ನಳಿಗೆ ಒರೆಸಿ, ಕೋವಿಯನ್ನು ತಾನು ತಂದಿದ್ದ ಚೀಲಕ್ಕೆ ಇಳಿಸುತ್ತಿದ್ದಾಗ ಅಕ್ಕಪಕ್ಕದ ಮನೆಗಳವರೆಲ್ಲ ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು. ಅವರಲ್ಲಿ ಹಿರಿಯರೊಬ್ಬರು ಚಪ್ಪಲಿ ಬಿಟ್ಟು, ತಗ್ಗಿದ ದನಿಯಲ್ಲಿ ಆಕೆಯನ್ನು ಕೇಳಿದರು.

"ಯಾವಾಗ ಹೋದರು?"

"ಬೆಳಗಿನ ಜಾವ," ಎಂದರು ಆಕೆ. "ಸಾವು ಸಾರಲು ಅವರ ಕೋವಿಯಿಂದಲೇ ಎರಡು ಗುಂಡು ಹಾರಬೇಕಿತ್ತು, ನನ್ನ ಕೈ ಹೀಗಾಗಿದೆ."