ಕಿಂಡಿ ಬಿದ್ದ ಛಾವಣಿ

ನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ದಾರ ಸಡಿಲಿಸಿದರು. ಶೂ ಡಬ್ಬಿಯ ಮುಚ್ಚಳದಲ್ಲಿ ಕತ್ತರಿಸಿದ್ದ ಕಿಂಡಿಯಿಂದ ಬೆಂಕಿಪೊಟ್ಟಣದ ಹಾಸಿಗೆ ಓಲಾಡುತ್ತ ಒಳಗಿಳಿಯಿತು. ಅದರ ಮೇಲೆ ಕಾಗದದ ರೋಗಿ ಮಲಗಿದ್ದ, ಕೆಳಗೆ ಕಾಗದದ ಯೇಸುಸ್ವಾಮಿ ಕಾಯುತ್ತಿದ್ದರು. ಬೈಬಲ್ಲಿನ ಕಥೆಯಲ್ಲೂ ಹೀಗೇ, ಜನಜಂಗುಳಿಯಲ್ಲಿ ಬಾಗಿಲು ಸಿಗದೆ ನಾಲ್ವರು ಯಾರದೋ ಮನೆಯ ಛಾವಣಿ ಕಿತ್ತು, ನಡೆಯಲಾಗದವನನ್ನು ಸ್ವಾಮಿಯ ಮುಂದೆ ಇಳಿಸಿದ್ದರು.

ಸಂಡೇ ಸ್ಕೂಲಿನ ಟೀಚರ ಕಣ್ಣು ಮಾತ್ರ ದಾರ ಹಿಡಿದಿದ್ದ ಹೆಂಚು ಹೊದಿಸುವವನ ಮಗಳ ಮೇಲಿತ್ತು. ಅವಳಪ್ಪ ಕೆಲಸದಲ್ಲಿದ್ದಾಗಲೇ ಛಾವಣಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಈ ಕಥೆ ಬೇಡವಿತ್ತೇನೋ ಎಂದುಕೊಳ್ಳುತ್ತಲೇ ಟೀಚರು ಬೇಗಬೇಗ ಮುಗಿಸಿದರು: "ಸ್ವಾಮಿ ಎದ್ದು ನಡಿ ಅಂದ್ರು. ಅವನು ಹಾಸಿಗೆ ಎತ್ಕೊಂಡು ಮನೆಗೆ ಹೋದ."

"ಹಾಗೇ ಹೋಗ್ಬಿಟ್ನಾ?" ಹುಡುಗಿ ಸೊಂಟಕ್ಕೆ ಕೈಯಿಟ್ಟಳು. "ಆ ಮನೆಯವ್ರ ಛಾವಣಿ ಯಾರು ರಿಪೇರಿ ಮಾಡ್ಬೇಕು?"

ಮಕ್ಕಳು ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಕಾಗದದವನನ್ನು ಹಾಸಿಗೆಯಿಂದ ಮೆಲ್ಲಗೆ ಎಬ್ಬಿಸಿ, ಮುಚ್ಚಳದ ಮೇಲೆ ಕಿಂಡಿಯ ಪಕ್ಕ ಗೋಂದು ಹಚ್ಚಿ ನಿಲ್ಲಿಸಿದಳು. ಕೆಂಪು ಕಾಗದದ ಚೂರೊಂದನ್ನು ಹೆಂಚಿನಂತೆ ಬಾಗಿಸಿ ಅವನ ಕೈಗೆ ಅಂಟಿಸಿದಳು. ಹಿಂದೆ ಸರಿದು ನೋಡಿದಳು. ಏನೋ ನೆನಪಾದಂತೆ ಮತ್ತೆ ಬಂದು, ಹಾಸಿಗೆಯ ಒಂದು ದಾರ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಡಬ್ಬಿಗೆ ಬಿಗಿಯಾಗಿ ಕಟ್ಟಿದಳು.

"ಈ ಸಲ ಬೀಳಲ್ಲ ಟೀಚರ್."