ಅಕ್ಕಿಯಲ್ಲಿ ಬರೆದ ಹೆಸರು

ಚೈತ್ರದ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೇ ಆ ಮನೆಯಲ್ಲಿ ಜಗಳ ಎದ್ದಿತ್ತು. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ‘ರಮಾ’ ಎಂದು ಬರೆದು ಸೊಸೆಗೆ ಹೊಸ ಹೆಸರು ಇಟ್ಟಿದ್ದರು. ಸೊಸೆ ಮಾತ್ರ ವಿನುತಾ ಎಂದರಷ್ಟೇ ತಿರುಗಿ ನೋಡುತ್ತಿದ್ದಳು.

"ರಮಾ ಅಂದ್ರ ಓ ಅನ್ನಬೇಕು, ಇಲ್ಲಾಂದ್ರ ತವರಿಗೆ ನಡೀಲಿ," ಎಂದರು ಮಾವನ ಅಕ್ಕ. "ಎರಡರಾಗ ಒಂದು ಆಗೂತನಕ ನಾ ಇಲ್ಲಿಂದ ಏಳಂಗಿಲ್ಲ. ಪದ್ಮಾ, ನೀ ಹೋಗಿ ಬುದ್ಧಿ ಹೇಳು."

ಪದ್ಮಾ ಎಂದರೆ ಅತ್ತೆ. ಅವರು ಎದ್ದು ಒಳಗೆ ಹೋದರು. ಸೊಸೆ ಆಗಲೇ ಚೀಲಕ್ಕೆ ಸೀರೆ ತುಂಬುತ್ತಿದ್ದಳು.

"ಒಂದ್ಸಲ ಓ ಅಂದುಬಿಡ ನಮ್ಮವ್ವಾ. ರೂಢಿ ಆಗ್ತದ. ನನಗ ಆಗಿಲ್ಲೇನು?"

"ನಿಮಗ ಮೊದಲ ಏನಂತ ಕರೀತಿದ್ರು, ಅತ್ಯಾ?"

ಅತ್ತೆ ಚೀಲದ ಪಕ್ಕ ಕೂತರು.

"ಚಂಪಾ. ಅವ್ವ ಹೋದಮ್ಯಾಲೆ ಹಂಗ ಕರಿಯೋರು ಯಾರೂ ಇಲ್ಲ."

"ಪದ್ಮಾ, ಒಪ್ಪಿದಳೇನ?" ಹೊರಗಿನಿಂದ ಕೂಗು ಬಂತು.

ಅತ್ತೆ ಓಗೊಡಲಿಲ್ಲ. ಚೀಲದಿಂದ ಒಂದೊಂದೇ ಸೀರೆ ತೆಗೆದು ಕಪಾಟಿನಲ್ಲಿ ಇಡತೊಡಗಿದರು.

"ಪದ್ಮಾ! ಚಹಾನಾದ್ರೂ ಕೊಡ್ತೀಯೋ ಇಲ್ಲೋ?"

ಕೊನೆಗೆ ಮಾವನೇ ಬಾಗಿಲಿಗೆ ಬಂದರು. "ಅಕ್ಕ ಅಷ್ಟು ಕರಿಯಾಕತ್ತಾಳ, ಕಿವಿ ಕೇಳಸಂಗಿಲ್ಲೇನ ಪದ್ಮಾ?"

"ಯಾರನ್ನ ಕರದ್ರಿ?" ಎಂದರು ಅತ್ತೆ.

ಮೂರು ದಿನ ಆ ಮನೆಯಲ್ಲಿ ಕರೆದವರಿಗೆ ಚಹಾ ಸಿಗಲಿಲ್ಲ.

ಗುರುವಾರ ಮುಂಜಾನೆ ಮಾವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಅಂದರು: "ಚಂಪಾ, ಅಕ್ಕ ಊರಿಗೆ ಹೊಂಟಾಳ, ಕುಂಕುಮ ಹಚ್ಚಿ ಕಳಸು ಬಾ."