ಕಡಗೋಲಿನ ಹಗ್ಗ

ಡ್ರಮ್ಮಿಗೆ ಔಷಧಿ ಸುರಿದು ಒಂದು ನಿಮಿಷವೂ ಆಗಿರಲಿಲ್ಲ, ಕರೆಂಟು ಹೋಗಿ ಡ್ರಮ್ಮು ತಿರುಗುವುದು ನಿಂತಿತು. ಬೆಳಕು ಹೊಗದ ಆ ಡ್ರಮ್ಮಿನಲ್ಲಿ ಇದ್ದದ್ದು ಕೊಟ್ರಮ್ಮನ ತಮ್ಮನ ಮದುವೆಯ ಎರಡನೇ ರೀಲು. ಮೊದಲನೆಯದು ಉದ್ದಕ್ಕೂ ಪಟ್ಟೆ ಬಿದ್ದು ಹಾಳಾಗಿತ್ತು. ಯಾಕೆಂದು ಅವಳ ಗಂಡ ಜಡೆಪ್ಪನಿಗೆ ಇನ್ನೂ ಹೊಳೆದಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಅವನು, ಹೊಸಪೇಟೆಯಲ್ಲಿ ಮುಚ್ಚಿಹೋದ ಸ್ಟುಡಿಯೋದಿಂದ ಈ ಫಿಲ್ಮು ತೊಳೆಯುವ ಯಂತ್ರ ತಂದು ಮೂರು ತಿಂಗಳು ಬಿಚ್ಚಿ ಜೋಡಿಸಿದ್ದ.

"ಇದೂ ಹೋತೇನ್ರಿ?" ಅಂದವಳೇ ಕೊಟ್ರಮ್ಮ ಅಡುಗೆಮನೆಗೆ ಓಡಿ, ಮಜ್ಜಿಗೆ ಕಡೆಯುವ ಹಗ್ಗ ತಂದು ಡ್ರಮ್ಮಿಗೆ ಎರಡು ಸುತ್ತು ಸುತ್ತಿದಳು. ಬಲಗೈ ಎಳೆದರೆ ಡ್ರಮ್ಮು ಅತ್ತ, ಎಡಗೈ ಎಳೆದರೆ ಇತ್ತ.

"ಹಂಗ ಬ್ಯಾಡಲೇ! ಅದು ಒಂದ್ ಕಡೀಗೇ ತಿರುಗಬೇಕು."

"ಒಂದ್ ಕಡೀಗೇ ಎಳದ್ರ ಬೆಣ್ಣಿ ಬರ್ತೈತೇನ್ರಿ? ಸುಮ್ಕ ಗಡಿಯಾರ ನೋಡ್ರಿ."

ಏಳು ನಿಮಿಷ ಎಳೆದಳು. ಆಮೇಲೆ ಚಿತ್ರ ಅಳಿಯದಂತೆ ಹಿಡಿಯುವ ಹೈಪೋ, ಆಮೇಲೆ ನೀರು. ಜಡೆಪ್ಪ ಒದ್ದೆ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದ. ಬಾಸಿಂಗ, ಕಪ್ಪು ಚುಕ್ಕೆಗಳಾಗಿ ಹಾರುತ್ತಿದ್ದ ಅಕ್ಕಿಕಾಳು, ಭಾವಮೈದುನನ ನಾಚಿದ ಮುಖ, ಎಲ್ಲವೂ ಇದ್ದವು. ಪಟ್ಟೆ ಮಾತ್ರ ಒಂದೂ ಇರಲಿಲ್ಲ.

ಅವನು ಫಿಲ್ಮನ್ನು ಹೆಂಡತಿಯ ಕೈಗಿಟ್ಟು, ಬೇಡವಾದ ಬಿಡಿಭಾಗಗಳ ಡಬ್ಬಿಯನ್ನು ನೆಲಕ್ಕೆ ಸುರಿದ. ಸಣ್ಣ ಹಿತ್ತಾಳೆ ಕೊಂಡಿಯೊಂದು ಉರುಳಿ ಬಂತು. ತಂದ ದಿನ ಈ ಕೊಂಡಿಯಿಂದಾಗಿ ಯಂತ್ರ ಎರಡು ಸುತ್ತಿಗೊಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಗಿರಣಿಯಲ್ಲಿ ಅಂಥ ಚಾಳಿಯ ಯಂತ್ರವನ್ನೇ ಕಾಣದ ಜಡೆಪ್ಪ, ಮೊದಲು ರಿಪೇರಿ ಮಾಡಿದ್ದೇ ಅದನ್ನು.